ಟೈಲ್ಸಿನ ಅಂಚಿನವರೆಗೆ

ಮಂಗಳೂರಿನ ನಮ್ಮ ಓಣಿಯ ತಿರುವಿನಲ್ಲಿರುವ ಕೆಂಪುಕಲ್ಲಿನ ಗೋಡೆಗೆ ಈಗ ಒಟ್ಟು ಒಂಬತ್ತು ದೇವರು, ಒಬ್ಬ ಅಜ್ಜ, ಒಂದು ಕ್ಯಾಮರಾ. ನಲವತ್ತು ಅಡಿ ಉದ್ದದ ಗೋಡೆಗೆ ಇಷ್ಟು ಕಾವಲು ಪಣಂಬೂರಿನ ಬಂದರಿಗೂ ಇರಲಿಕ್ಕಿಲ್ಲ. ಗೋಡೆಯ ಆಚೆ ಏನಿದೆ ಅಂತ ಕೇಳಿದರೆ, ಏನೂ ಇಲ್ಲ. ದಾಯಾದಿಗಳ ವ್ಯಾಜ್ಯದಲ್ಲಿ ಬಿದ್ದಿರುವ ಹತ್ತು ಸೆಂಟ್ಸ್ ಜಾಗ, ಒಂದು ಹಲಸಿನ ಮರ, ತೀರ್ಪಿಗೆ ಕಾಯುತ್ತಾ ಮೂರನೇ ತಲೆಮಾರಿಗೆ ಕಾಲಿಟ್ಟಿರುವ ಕಾಟು ಬೆಕ್ಕುಗಳು. ಕಾವಲು ಬೇಕಾಗಿರುವುದು ಗೋಡೆಯ ಈಚೆ ಬದಿಗೆ, ನಮ್ಮಿಂದ.

ಮೊದಲು ಅಲ್ಲಿ ಬರೀ ಬರಹ ಇತ್ತು. "ಇಲ್ಲಿ ಕಸ ಹಾಕಬಾರದು, ಮೂತ್ರ ಮಾಡಬಾರದು" ಅಂತ ಓಣಿಯ ನಿವಾಸಿಗಳ ಸಂಘದ ಖರ್ಚಿನಲ್ಲಿ ನೀಲಿ ಬಣ್ಣದಲ್ಲಿ ಬರೆಸಿದ್ದೆವು. ನಮ್ಮೂರ ಮಳೆ ಗೊತ್ತಲ್ಲ, ಜೂನ್ ಮುಗಿಯುವುದರೊಳಗೆ ಗೋಡೆಗೆ ಪಾಚಿ. ಹಿಡಿಯುವ ಪಾಚಿ ಎಲ್ಲಾ ಕಡೆ ಒಂದೇ ಸಮ ಹಿಡಿಯಬಾರದಿತ್ತೇ? ಎರಡು 'ಬಾರದು'ಗಳ ಮೇಲೆಯೇ ಹಿಡಿಯಿತು. ಆಟಿ ತಿಂಗಳಾಗುವಾಗ ಉಳಿದದ್ದು "ಇಲ್ಲಿ ಕಸ ಹಾಕ, ಮೂತ್ರ ಮಾಡ" ಅಂತ. ಊರಿಗೆ ಹೊಸಬರಾದವರು ಅದನ್ನು ಸೌಲಭ್ಯ ಅಂತಲೇ ಓದಿಕೊಂಡರು.

ಸಂಘದ ಸಭೆ ಕರೆದರು. ನಮ್ಮ ಅಧ್ಯಕ್ಷರು ಬ್ಯಾಂಕಿನಿಂದ ನಿವೃತ್ತರು. ಯಾವ ಬ್ಯಾಂಕು ಅಂತ ಕೇಳಿದರೆ ಮುಖ ಸಣ್ಣದು ಮಾಡುತ್ತಾರೆ, ಏಕೆಂದರೆ ಅವರು ನಿವೃತ್ತರಾದ ಕೆಲವೇ ವರ್ಷಕ್ಕೆ ವಿಲೀನದಲ್ಲಿ ಬ್ಯಾಂಕಿನ ಹೆಸರೂ ನಿವೃತ್ತವಾಯಿತು. ಅವರೆಂದರು: "ದಂಡ ಅಂತ ಬರೆದ್ರೆ ಯಾರೂ ಹೆದರುದಿಲ್ಲ ಮಾರಾಯ್ರೇ. ದಂಡ ಹಾಕ್ಲಿಕ್ಕೆ ಜನ ಬರ್ಬೇಕಲ್ಲ? ದೇವರಾದ್ರೆ ಅಲ್ಲೇ ಇರ್ತಾರೆ. ಇಪ್ಪತ್ನಾಲ್ಕು ಗಂಟೆ ಡ್ಯೂಟಿ. ಸಂಬಳ ಇಲ್ಲ, ಪಿಎಫ್ ಇಲ್ಲ." ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ದೇವರ ಒಪ್ಪಿಗೆ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಟೈಲ್ಸ್ ಅಂಗಡಿಗೆ ಅಧ್ಯಕ್ಷರ ಜತೆ ನಾನೂ ಹೋಗಿದ್ದೆ. "ದೇವರ ಟೈಲ್ಸ್ ಬೇಕಿತ್ತು" ಎಂದದ್ದೇ ಕೌಂಟರಿನ ಹುಡುಗ ತಲೆ ಎತ್ತದೆ ಕೇಳಿದ: "ಮನೆಗಾ, ಮೂತ್ರಕ್ಕಾ?" ನಲ್ಲಿ ಬಿಸಿನೀರಿಗಾ ತಣ್ಣೀರಿಗಾ ಅನ್ನುವ ಧಾಟಿ. ಮನೆಗಾದರೆ ದೊಡ್ಡದು, ಚಿನ್ನದ ಅಂಚಿನದು. ಮೂತ್ರಕ್ಕಾದರೆ ಚಿಕ್ಕದು, ಮಳೆಗೆ ಬಣ್ಣ ಹೋಗದ್ದು. ಒಂದೇ ವೆಂಕಟರಮಣ, ಎರಡು ರೇಟು. ಅಧ್ಯಕ್ಷರು ಸಂಕೋಚದಿಂದ ಎರಡನೆಯದನ್ನು ತೋರಿಸಿದರು. "ಮಿಕ್ಸ್ ಕೊಡ್ಲಾ?" ಎಂದ ಹುಡುಗ. "ಒಂದೇ ಧರ್ಮದ್ದು ಹಾಕಿದ್ರೆ ಬೇರೆಯವರು ಬಂದು ಮಾಡ್ತಾರೆ ಸಾರ್. ಸೆಟ್ಟೇ ತಗೊಳ್ಳಿ, ಸ್ವಲ್ಪ ಕಡಿಮೆ ಮಾಡುವ."

ಸೆಟ್ಟು ಬಂತು. ಗಣಪತಿ, ವೆಂಕಟರಮಣ, ದುರ್ಗೆ, ಬಾಲಯೇಸು, ವೇಲಾಂಕಣಿ ಮಾತೆ, ಮಕ್ಕಾ ಮದೀನಾ, ಹೀಗೆ ಒಂಬತ್ತು. ಮಕ್ಕಾ ಮದೀನಾ ದೇವರ ಪಟವಲ್ಲ, ಊರುಗಳ ಪಟ ಎಂದು ಮೂಲೆಮನೆಯ ಬ್ಯಾರಿ ಸಾಹೇಬರು ನಯವಾಗಿ ತಿದ್ದಿದರು. ಅಧ್ಯಕ್ಷರು "ಇರ್ಲಿ, ಲೆಕ್ಕಕ್ಕೆ ಸರಿಯಾಯ್ತು" ಎಂದರು. ನಮ್ಮ ಜಿಲ್ಲೆಯಲ್ಲಿ ಎಲ್ಲಾ ಧರ್ಮದವರನ್ನು ಒಂದೇ ಸಾಲಿನಲ್ಲಿ ಕೂರಿಸಲು ಎಷ್ಟು ಶಾಂತಿಸಭೆಗಳು ಆಗಿವೆಯೋ ನನಗೆ ಲೆಕ್ಕವಿಲ್ಲ. ಅವುಗಳಿಂದ ಆಗದ್ದು ಕೊನೆಗೆ ಮೂತ್ರದಿಂದ ಆಯಿತು.

ಅಂಟಿಸಲು ಬಂದ ಮೇಸ್ತ್ರಿ ನಡುವೆ ಎಷ್ಟು ಜಾಗ ಬಿಡಲಿ ಎಂದು ಕೇಳಿದ. ನಲವತ್ತು ಅಡಿಗೆ ಒಂಬತ್ತು ಟೈಲ್ಸ್. ಅಂತರ ನಾಲ್ಕಡಿಗೆ ಹತ್ತಿರ ಬಂತು. ಅಲ್ಲೇ ಎಡವಿದೆವು. ಮೂರನೆಯ ದಿನ ಬೆಳಗ್ಗೆ ನಾನು ಹಾಲು ತರಲು ಹೋಗುವಾಗ ಒಬ್ಬರು ಬಂದರು. ಬಿಳಿ ಪಂಚೆ, ಹಣೆಗೆ ಗಂಧ, ಕೈಯಲ್ಲಿ ಬ್ಯಾಗು. ಗಣಪತಿಯ ಎದುರು ನಿಂತು ಬಲಗೈಯನ್ನು ಹಣೆಗೂ ಎದೆಗೂ ಮುಟ್ಟಿಸಿದರು. ಎರಡು ಹೆಜ್ಜೆ ಆಚೆ ಸರಿದು, ಗಣಪತಿಗೂ ಬಾಲಯೇಸುವಿಗೂ ಸರಿಯಾಗಿ ಮಧ್ಯದಲ್ಲಿ, ಇಬ್ಬರಿಗೂ ಸಿಡಿಯದ ಹಾಗೆ ಕೆಲಸ ಮುಗಿಸಿದರು. ಹೋಗುವಾಗ ದುರ್ಗೆಗೂ ಒಂದು ಕೈ ಮುಗಿದರು. ನಾಟಕ ಮಾಡಿದ್ದಲ್ಲ, ನೋಡಲು ಅಲ್ಲಿ ನನ್ನ ಬಿಟ್ಟರೆ ಯಾರೂ ಇರಲಿಲ್ಲ, ನನ್ನನ್ನು ಅವರು ನೋಡಿಯೂ ಇರಲಿಲ್ಲ. ಆ ಮನುಷ್ಯನ ಭಕ್ತಿ ನಿಜವಾದದ್ದೇ. ಟೈಲ್ಸಿನ ಅಂಚಿನವರೆಗೆ ಮಾತ್ರ.

ಇದು ನಮ್ಮ ಓಣಿಯೊಂದರದೇ ತಲೆನೋವು ಅಂದುಕೊಳ್ಳಬೇಡಿ. ಗೋಡೆಗೆ ದೇವರ ಪಟ ಅಂಟಿಸುವುದನ್ನು ನಿಷೇಧಿಸಬೇಕು, ಇದರಿಂದ ಭಾವನೆಗೆ ಧಕ್ಕೆ ಆಗುತ್ತದೆ ಎಂಬ ಅರ್ಜಿ ದೆಹಲಿಯ ಹೈಕೋರ್ಟಿನವರೆಗೆ ಹೋಗಿ 2022ರ ಡಿಸೆಂಬರ್‌ನಲ್ಲಿ ವಜಾ ಆಗಿದೆ. ದೇವರು ಗೋಡೆಯ ಮೇಲೆಯೇ ಉಳಿದರು.

ಆ ಸಂಜೆ ಅಧ್ಯಕ್ಷರು ಜಗಲಿಯಲ್ಲಿ ಕೂತು ನನಗೆ ನಂಬಿಕೆಯ ಲೆಕ್ಕಶಾಸ್ತ್ರ ಹೇಳಿಕೊಟ್ಟರು. ಎಷ್ಟಾದರೂ ಬದುಕಿಡೀ ಆ ವ್ಯಾಪಾರದಲ್ಲೇ ಇದ್ದವರು. 1906ರ ಒಂದೇ ವರ್ಷದಲ್ಲಿ ಮಂಗಳೂರಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಮೂಲಸಂಸ್ಥೆಗಳು ಹುಟ್ಟಿದ ಕರಾವಳಿ ಇದು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಬೇರೆ ಕಡೆ ಭತ್ತ ಬೆಳೆದ ಹಾಗೆ ಇಲ್ಲಿ ಬ್ಯಾಂಕು ಬೆಳೆದರು. 1928ರಲ್ಲಿ ಪಿಗ್ಮಿ ಎಂಬ ದಿನದ ಉಳಿತಾಯ ಶುರುವಾದಾಗ ದಿನಕ್ಕೆ ಎರಡಾಣೆ. ಮನೆಬಾಗಿಲಿಗೆ ಬಂದ ಏಜೆಂಟನ ಕೈಯಲ್ಲಿ ಎರಡಾಣೆ ಇಟ್ಟು, ಅವನು ಪುಸ್ತಕದಲ್ಲಿ ಗೀಚಿದ್ದು ಏನೆಂದು ಓದಲು ಬಾರದಿದ್ದರೂ ಹೆಂಗಸರು ಒಳಗೆ ಹೋಗಿ ಒಲೆ ಉರಿಸುತ್ತಿದ್ದರು. ಠೇವಣಿಗೆ ವಿಮೆ ಅಂತ ಒಂದು ಬಂದದ್ದೇ 1962ರಲ್ಲಿ.

"ಅದು ನಂಬೊಲಿಗೆ" ಎಂದರು ಅಧ್ಯಕ್ಷರು, ತುಳುವಿಗೆ ಜಾರಿ. "ಈಗ ನೋಡಿ, 2020ರಿಂದ ಐದು ಲಕ್ಷದವರೆಗೆ ವಿಮೆ ಉಂಟು. ಅಂದ್ರೆ ಐದು ಲಕ್ಷದವರೆಗೆ ನೀವು ಬ್ಯಾಂಕನ್ನು ನಂಬ್ಬೇಕಂತಲೇ ಇಲ್ಲ. ನಂಬಿಕೆ ಸುರು ಆಗುದು ಅದರ ಮೇಲಿನ ಒಂದನೇ ರೂಪಾಯಿಯಿಂದ."

ನನ್ನ ಪಾಸ್‌ಬುಕ್ ನೆನಪಾಯಿತು. ಇಷ್ಟು ವರ್ಷದಲ್ಲಿ ನಾನು ಯಾವ ಬ್ಯಾಂಕನ್ನೂ ನಂಬಿಯೇ ಇಲ್ಲವೆಂದು ಗೊತ್ತಾಯಿತು.

"ಗೋಡೆಯ ವಿಷಯದಲ್ಲಿ ಆದದ್ದೂ ಅದೇ" ಎಂದು ಅವರು ಮುಂದುವರಿಸಿದರು. "ಈ ಟೈಲ್ಸಿನ ದೇವರೆಲ್ಲ ಕ್ಷಮಿಸುವ ದೇವರು. ಜಾಮೀನು ಸಾಲುದಿಲ್ಲ. ಕ್ಷಮಿಸದವರು ಬೇಕು." ಒಂದು ಗಳಿಗೆ ಸುಮ್ಮನಿದ್ದು, ಯಾರಿಗೂ ಕೇಳಬಾರದೆಂಬಂತೆ ದನಿ ತಗ್ಗಿಸಿದರು. "ಅಜ್ಜನನ್ನು ಹಾಕುವ."

ತುಳುನಾಡಿನಲ್ಲಿ ಅಜ್ಜ ಅಂದರೆ ಯಾರ ಅಜ್ಜ ಎಂದು ಕೇಳುವವರಿಲ್ಲ. ಕೊರಗಜ್ಜ, ನಮ್ಮ ದೈವ. ಕಳೆದದ್ದು ಸಿಗಬೇಕಾದರೆ ನಾವು ಮೊದಲು ಹೇಳಿಕೊಳ್ಳುವುದು ಅಜ್ಜನಿಗೆ, ಆಮೇಲೆ ಪೊಲೀಸರಿಗೆ. ನಾನೇನೂ ಹೊರಗಿನವನಲ್ಲ. ಹೋದ ವರ್ಷ ಸ್ಕೂಟರಿನ ಕೀ ಕಾಣದೆ ಮನೆಯಿಡೀ ತಲೆಕೆಳಗೆ ಮಾಡಿ, ಕೊನೆಗೆ ಅಜ್ಜನಿಗೆ ಚಕ್ಕುಲಿ, ವೀಳ್ಯ ಹೇಳಿಕೊಂಡೆ. ಹತ್ತು ನಿಮಿಷದಲ್ಲಿ ಫ್ರಿಜ್ಜಿನ ಮೇಲೆ ಸಿಕ್ಕಿತು. ಅದೇ ದಿನ ಚಕ್ಕುಲಿ ಪ್ಯಾಕೆಟ್ ತಂದೆ. ಅಜ್ಜನ ಸ್ಥಾನವಿರುವ ಕುತ್ತಾರಿಗೆ ಹೋಗಲು ಪುರುಸೊತ್ತಾಗಲಿಲ್ಲ. ಮಳೆಗೆ ಮೆತ್ತಗಾಗುತ್ತದೆ ಅಂತ ಚಹಾದ ಜತೆ ನಾವೇ ತಿಂದೆವು. ವೀಳ್ಯದೆಲೆ ಪಕ್ಕದ ಮನೆಯವರು ಕೇಳಿಕೊಂಡು ಹೋದರು.

ಅಜ್ಜನ ಟೈಲ್ಸ್ ಬಂತು. ತಲೆಗೆ ಮುಟ್ಟಾಳೆ, ಕೈಯಲ್ಲಿ ಕೋಲು. ಕೆಳಗೆ ಕೆಂಪು ಅಕ್ಷರ: "ಇಲ್ಲಿ ಕಸ ಹಾಕಿದವರನ್ನು ಅಜ್ಜ ನೋಡಿಕೊಳ್ಳುತ್ತಾರೆ." ಮೂರೇ ದಿನ. ಒಂದು ಪ್ಲಾಸ್ಟಿಕ್ ತೊಟ್ಟೆ ಇಲ್ಲ, ಒಂದು ಮೀನಿನ ತಲೆ ಇಲ್ಲ. ಅಷ್ಟೂ ಕಸ ರಸ್ತೆ ದಾಟಿ ಎದುರಿನ ಆಸ್ಪತ್ರೆಯ ಗೋಡೆಗೆ ಹೋಯಿತು. ಅಲ್ಲಿ "ನಿಶ್ಶಬ್ದ ವಲಯ" ಅಂತ ಮಾತ್ರ ಬರೆದಿತ್ತು, ಕಸದ ಬಗ್ಗೆ ಏನೂ ಇರಲಿಲ್ಲ.

ಅಜ್ಜನಿಗೆ ಇಷ್ಟು ಹೆದರುವ ನಮಗೆ ಅಜ್ಜನ ಕಥೆ ಗೊತ್ತಾ ಅಂತ ಒಂದು ಅನುಮಾನ ನನಗೆ ಆಮೇಲೆ ಬಂತು. ತುಳು ಪಾಡ್ದನದ ಹಾಡಿನ ಪ್ರಕಾರ ಅಜ್ಜ, ಅಂದರೆ ಕೊರಗ ಕುಲದ ತನಿಯ, ಏಳು ಜನ ಹೊರುವ ಹೊರೆಯನ್ನು ಒಬ್ಬನೇ ಹೊತ್ತು ದೇವಸ್ಥಾನಕ್ಕೆ ಹೋದವನು. ಹೊರೆ ಒಳಗೆ ಹೋಯಿತು. ಅವನನ್ನು ಕುಲ ಹೇಳಿ ಹೊರಗೆ ನಿಲ್ಲಿಸಿದರು. ಅಲ್ಲಿಯೇ ಅವನು ಮಾಯಕ್ಕೆ ಸಂದು ದೈವವಾದದ್ದು. ಅಂದು ಗೋಡೆಯ ಒಳಗೆ ಬಿಡದವನನ್ನು ಇಂದು ಗೋಡೆಯ ಹೊರಗೆ ಕಾವಲಿಗೆ ಹಾಕಿದ್ದೇವೆ. ಅವನ ಕುಲದವರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿ ನಮ್ಮ ಮನೆಯ ರೋಗ ದಾಟಿಸುವ ಅಜಲು ಪದ್ಧತಿ ಇತ್ತಲ್ಲ, ಅದು ತಪ್ಪು ಎಂದು ಹೇಳಲು 2000ದಲ್ಲಿ ಸರಕಾರ ಒಂದು ಕಾಯ್ದೆಯನ್ನೇ ಮಾಡಬೇಕಾಯಿತು. ಅಜ್ಜನಿಗೆ ಚಕ್ಕುಲಿ, ಅಜ್ಜನ ಮಕ್ಕಳಿಗೆ ಉಗುರು. ಇದನ್ನು ಸಭೆಯಲ್ಲಿ ಹೇಳಿದೆ. "ಅದೆಲ್ಲ ಹಳೇ ಕಾಲದ್ದು, ಈಗ ಕ್ಯಾಮರಾದ ವಿಷಯ ಮಾತಾಡುವ" ಎಂದರು.

ಹೌದು, ಕ್ಯಾಮರಾ. ಅಜ್ಜನ ಟೈಲ್ಸನ್ನು ಯಾರಾದರೂ ಕಿತ್ತುಕೊಂಡು ಹೋದರೆ ಎಂಬ ಭಯ ಅಧ್ಯಕ್ಷರಿಗೆ.

"ಅಜ್ಜನ ಮೇಲೆ ನಂಬಿಕೆ ಇಲ್ವಾ?" ಎಂದೆ.

"ಅಜ್ಜನ ಮೇಲೆ ಉಂಟು. ಜನರಿಗೆ ಅಜ್ಜನ ಮೇಲೆ ನಂಬಿಕೆ ಉಂಟು ಅಂತ ನನಗೆ ನಂಬಿಕೆ ಇಲ್ಲ."

ಕ್ಯಾಮರಾ ಬಂತು, ಹಲಸಿನ ಕೊಂಬೆಗೆ ಕಟ್ಟಿದರು. ಮೊದಲ ಗುಡುಗಿಗೇ ಸುಟ್ಟುಹೋಯಿತು. ರಿಪೇರಿ ಮಾಡಿಸುವ ಎಂದರೆ ಖಜಾಂಚಿ ಒಪ್ಪಲಿಲ್ಲ. "ಕ್ಯಾಮರಾ ಉಂಟು ಅಂತ ಜನ ನಂಬಿದ್ರೆ ಸಾಕಲ್ವಾ?" ಎಂದರು. ಒಂಬತ್ತು ದೇವರಿಗೆ ಸಿಗದ ಶುದ್ಧ ನಂಬಿಕೆ ಕೊನೆಗೆ ಆ ಸತ್ತ ಕ್ಯಾಮರಾಕ್ಕೆ ಸಿಕ್ಕಿತು. ಅದರ ಕೆಳಗೆ ಹೋಗುವಾಗ ಈಗಲೂ ಜನ ಅಂಗಿಯ ಕಾಲರು ಸರಿ ಮಾಡಿಕೊಳ್ಳುತ್ತಾರೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಗೋಡೆಯ ಬುಡದಲ್ಲಿ ಹೊಸದೊಂದು ರಾಶಿ ಬೆಳೆಯತೊಡಗಿತು. ಮೊದಲು ಗಾಜು ಒಡೆದ ಒಂದು ಲಕ್ಷ್ಮಿ ಪಟ. ಮರುದಿನ ಗೆದ್ದಲು ತಿಂದ ಚೌಕಟ್ಟಿನಲ್ಲಿ ರಾಮ ಸೀತೆ. ಆಮೇಲೆ ಬಲ್ಬು ಹೋದ ಯೇಸುವಿನ ಪಟ, ನಿಂತುಹೋದ ಮಕ್ಕಾ ಗಡಿಯಾರ, ಹಳೇ ಕ್ಯಾಲೆಂಡರಿನ ಗಣಪತಿ, ಕಿವಿ ಮುರಿದ ಗೋಮಾತೆ. ಮನೆಗೆ ಪೇಂಟ್ ಮಾಡಿಸುವವರು, ಫ್ಲಾಟು ಬದಲಿಸುವವರು, ಅತ್ತೆ ತೀರಿಕೊಂಡ ಮೇಲೆ ದೇವರಕೋಣೆ ಚೊಕ್ಕ ಮಾಡಿದ ಸೊಸೆಯಂದಿರು. ಕಸದ ಬುಟ್ಟಿಗೆ ಹಾಕಲು ಭಯ, ಮನೆಯಲ್ಲಿ ಇಡಲು ಜಾಗವಿಲ್ಲ. ಅಶ್ವತ್ಥಕಟ್ಟೆ ದೂರ. ಇಲ್ಲಿ ಹೇಗೂ ದೇವರಿದ್ದಾರೆ; ದೇವರ ಎದುರು ದೇವರನ್ನು ಬಿಟ್ಟರೆ ಅದು ಕಸ ಅಲ್ಲವಲ್ಲ. ಬಿಡುವವರು ಕಣ್ಣುಮುಚ್ಚಿ ನಮಸ್ಕಾರ ಮಾಡುತ್ತಿದ್ದರು, ಕಣ್ಣು ಬಿಟ್ಟದ್ದೇ ಸ್ಕೂಟರ್ ಸ್ಟಾರ್ಟ್.

ನಮ್ಮ ಓಣಿಯಲ್ಲಿ ಒಣಕಸದ ದಿನ ಶುಕ್ರವಾರ. ಗಾಡಿಯ ಜತೆ ಬರುವ ಅಕ್ಕ ರಾಶಿಯ ಎದುರು ನಿಂತರು. ಅಧ್ಯಕ್ಷರು ಗೇಟಿನಿಂದಲೇ ಕೂಗಿದರು: "ಅದನ್ನು ಕಸದ ಜತೆ ಹಾಕ್ಬೇಡಿ ಮಾರಾಯ್ತಿ, ದೇವರು!"

"ಮತ್ತೆ ನೀವು ಮನೆಗೆ ತಗೊಂಡು ಹೋಗ್ತೀರಾ ಸಾರ್?"

ಅಧ್ಯಕ್ಷರು ಪೇಪರ್ ಬಿಡಿಸಿದರು.

ಅಕ್ಕ ಕುಕ್ಕರಗಾಲಿನಲ್ಲಿ ಕೂತರು. ಒಂದೊಂದೇ ಪಟ ತೆಗೆದು, ಮೊಳೆ ಬಿಚ್ಚಿ, ಗಾಜಿನ ಚೂರನ್ನು ಒಂದು ಚೀಲಕ್ಕೆ, ಮರದ ಚೌಕಟ್ಟನ್ನು ಬದಿಗೆ, ಕಾಗದವನ್ನು ಮಡಚದೆ ಒಂದರ ಮೇಲೊಂದು. ಗಾಡಿ ಹೋಗುವುದು ಪಚ್ಚನಾಡಿಯ ಕಡೆಗೆ. ಅಲ್ಲಿನ ಕಸದ ಗುಡ್ಡ 2019ರ ಆಗಸ್ಟ್ ಮಳೆಗೆ ಜಾರಿ ಮಂದಾರ ಎಂಬ ಊರಿನ ಮನೆ ತೋಟಗಳ ಮೇಲೆ ಬಂದಿತ್ತು. ಅಷ್ಟು ದೊಡ್ಡ ಗುಡ್ಡಕ್ಕೆ ಹಾಕುವ ಸೈಜಿನ ಟೈಲ್ಸ್ ನಮ್ಮ ಅಂಗಡಿಯಲ್ಲಿ ಇರಲಿಲ್ಲ.

ಕೆಲಸ ಮುಗಿದ ಮೇಲೆ ಅಕ್ಕ ಕೈಗವಸು ಕಳಚಿ, ನಳ್ಳಿಯಲ್ಲಿ ಕೈ ತೊಳೆದು ಬಂದರು. ಸೊಂಟದ ಸಣ್ಣ ಚೀಲದಿಂದ ಕಾಗದದ ಪೊಟ್ಟಣ ತೆಗೆದರು. ಒಂದು ಚಕ್ಕುಲಿ, ಒಂದು ವೀಳ್ಯದೆಲೆ, ಅಡಕೆ ಹೋಳು. ಅಜ್ಜನ ಕೆಳಗೆ ಇಟ್ಟು, ಏನೋ ಒಂದು ಮಾತು, ಮನೆಯವರ ಜತೆ ಆಡುವಷ್ಟು ಮೆಲ್ಲಗೆ, ಹೇಳಿದರು.

"ಹೋಯ್, ಅಲ್ಲಿ ಎಂತ ಹಾಕಿದ್ದು?" ಅಧ್ಯಕ್ಷರ ಪೇಪರ್ ಕೆಳಗಿಳಿಯಿತು. "ಬೋರ್ಡ್ ಕಾಣುದಿಲ್ವಾ? ಅಲ್ಲಿ ಏನೂ ಹಾಕ್ಬಾರ್ದು. ಕ್ಯಾಮರಾ ಉಂಟು!"

ಅಕ್ಕ ಕೊಂಬೆಯ ಕಡೆ ತಲೆ ಎತ್ತಲೂ ಇಲ್ಲ. ಗಾಡಿ ಹತ್ತಿದರು.

ಬರುವ ಭಾನುವಾರ ಸಂಘದ ಸಭೆ ಇದೆ. ಅಜ್ಜನ ಕೆಳಗೆ ತಿಂಡಿ ಹಾಕುವವರ ಮೇಲೆ ಏನು ಕ್ರಮ ಎಂಬುದು ವಿಷಯ. ಕೋರಂಗೆ ಒಬ್ಬರು ಕಡಿಮೆಯಂತೆ, ನನಗೆ ಖಂಡಿತ ಬರಬೇಕೆಂದು ಹೇಳಿದ್ದಾರೆ. ಚಹಾದ ಜತೆ ಚಕ್ಕುಲಿ ಇರುತ್ತದಂತೆ.