ಮುರಿದದ್ದನ್ನೂ ಬರೆದಿಡುವವರು ಬೇಕು

ವಿಶ್ವವಿದ್ಯಾಲಯ ಯಾವುದೋ ಕಂಪನಿ ಜೊತೆ ಅಥವಾ ನಗರಾಡಳಿತದ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ ಫೋಟೋಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಕೈಯಲ್ಲಿ ಫೈಲು, ಹಿಂದೆ ಹಸಿರು ಬ್ಯಾನರು, ಅದರ ಮೇಲೆ 'ಸುಸ್ಥಿರ ಭವಿಷ್ಯ'. ಆಮೇಲೇನಾಯ್ತು ಅಂತ ಮಾತ್ರ ಯಾರೂ ಪೋಸ್ಟ್ ಹಾಕುವುದಿಲ್ಲ. ನನ್ನನ್ನು ಕೇಳಿದರೆ, ಇಂಥ ಕಡೆ ಸಂಶೋಧಕರಿಂದ ಆಗುವ ದೊಡ್ಡ ಉಪಕಾರ ಬಹಳ ಸಪ್ಪೆ ಕೆಲಸ: ಅಳೆಯುವುದು, ಪರೀಕ್ಷಿಸುವುದು, ಎಲ್ಲಿ ಕೆಟ್ಟಿತು ಅಂತ ಮುಲಾಜಿಲ್ಲದೆ ಹೇಳುವುದು.

ಡೆನ್ಮಾರ್ಕಿನ ಗಾಳಿಯಂತ್ರಗಳನ್ನೇ ನೋಡಿ. 1973ರ ತೈಲ ಬಿಕ್ಕಟ್ಟಿನ ನಂತರ ಅಲ್ಲಿ ಗಾಳಿಯಂತ್ರ ಕಟ್ಟಲು ಹೊರಟವರಲ್ಲಿ ಬಡಗಿಗಳಿದ್ದರು, ಕಮ್ಮಾರರಿದ್ದರು, ಕೃಷಿ ಉಪಕರಣ ಮಾಡುವ ಕಂಪನಿಗಳಿದ್ದವು. 1978ರಲ್ಲಿ ರಿಸೋ ಸಂಶೋಧನಾ ಕೇಂದ್ರದಲ್ಲಿ ಸಣ್ಣ ಗಾಳಿಯಂತ್ರಗಳಿಗೊಂದು ಪರೀಕ್ಷಾ ಘಟಕ ಶುರುವಾಯಿತು. ರಿಸೋ ಹುಟ್ಟಿದ್ದು ಪರಮಾಣು ಸಂಶೋಧನೆಗೆ, ತಮಾಷೆ ಅಲ್ವಾ! ಮರುವರ್ಷ ಸರ್ಕಾರ ಗಾಳಿಯಂತ್ರ ಕೊಳ್ಳುವವರಿಗೆ ವೆಚ್ಚದ ಶೇ. 30ರಷ್ಟು ಸಹಾಯಧನ ಕೊಡಲು ಮುಂದಾಯಿತು. ಆದರೆ ರಿಸೋ ಒಪ್ಪಿದ ಮಾದರಿಗೆ ಮಾತ್ರ.

ಬಿರುಗಾಳಿಗೆ ಯಂತ್ರ ಹಿಡಿತ ತಪ್ಪಿ, ರೆಕ್ಕೆ ಕಿತ್ತುಹೋದ ಪ್ರಸಂಗಗಳಿದ್ದವು. ಹಾಗಾಗಿ ಒಂದು ಬ್ರೇಕ್ ಕೈಕೊಟ್ಟರೆ ಇನ್ನೊಂದು ಹಿಡಿಯಲೇಬೇಕು ಅಂತ ನಿಯಮ ಬಂತು. ಇತ್ತ ಗಾಳಿಯಂತ್ರ ಮಾಲೀಕರ ಸಂಘವೂ ಸುಮ್ನೆ ಕೂರಲಿಲ್ಲ. ಯಾರ ಯಂತ್ರ ಎಷ್ಟು ವಿದ್ಯುತ್ ಕೊಟ್ಟಿತು, ಯಾವುದು ಕೆಟ್ಟು ನಿಂತಿತು ಅಂತ ತನ್ನ ಪತ್ರಿಕೆಯಲ್ಲೇ ಅಚ್ಚು ಹಾಕಿಸುತ್ತಿತ್ತು. ತಯಾರಕರಿಗೆ ಮುಚ್ಚಿಡಲು ಜಾಗವೇ ಉಳಿಯಲಿಲ್ಲ.

ಅದೇ ಹೊತ್ತಿಗೆ ಜರ್ಮನಿ ಒಂದೇ ಸಲಕ್ಕೆ ದೊಡ್ಡದಕ್ಕೆ ಕೈಹಾಕಿತು. 1983ರಲ್ಲಿ ಎದ್ದುನಿಂತ ಗ್ರೋವಿಯಾನ್ ಎಂಬ ಗಾಳಿಯಂತ್ರ 3 ಮೆಗಾವಾಟಿನದು, ರೆಕ್ಕೆಗಳು ತಿರುಗುವ ವೃತ್ತದ ವ್ಯಾಸ 100 ಮೀಟರ್. ಕಟ್ಟಿದವರು ಬುದ್ಧಿವಂತರೇ. ಆದರೆ ಅದು ಓಡಿದ್ದಕ್ಕಿಂತ ನಿಂತಿದ್ದೇ ಜಾಸ್ತಿ. 1987ಕ್ಕೆ ಅದರ ಕಥೆ ಮುಗಿಯಿತು. ಡೆನ್ಮಾರ್ಕಿನಲ್ಲಿ ಇವತ್ತು ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯದು. ಪುಣ್ಯವೆಲ್ಲ ಪರೀಕ್ಷಾ ಘಟಕದ್ದೇ ಅನ್ನುತ್ತಿಲ್ಲ. ಸರ್ಕಾರದ ದುಡ್ಡಿತ್ತು, ಹೊರಗೆ ಮಾರುಕಟ್ಟೆಯೂ ಸಿಕ್ಕಿತು. ಆದರೂ ಆ ಬ್ರೇಕ್ ನಿಯಮದಂಥವು ಇಲ್ಲದಿದ್ದರೆ ಜನ ಮನೆ ಹತ್ತಿರ ಗಾಳಿಯಂತ್ರ ನಿಲ್ಲಿಸಲು ಬಿಡುತ್ತಿದ್ದರಾ? ಇದು ವಿಶ್ವವಿದ್ಯಾಲಯದ ಕಥೆಯೂ ಹೌದು: ಇದೇ ರಿಸೋ 2007ರಲ್ಲಿ ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ಭಾಗವಾಯಿತು.

ಹಾಗಂತ ಹೊಸ ಸಂಶೋಧನೆ ಬೇಡವೇ? ಬೇಕು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗ್ರೀನ್ ಅವರ ತಂಡ 1980ರ ದಶಕದಲ್ಲಿ ರೂಪಿಸಿದ, ಬಿಸಿಲಿನಿಂದ ಹೆಚ್ಚು ವಿದ್ಯುತ್ ತೆಗೆಯುವ 'ಪರ್ಕ್' ಬಗೆಯ ಸೌರಕೋಶ ಮುಂದೆ ಮಾರುಕಟ್ಟೆಯನ್ನೇ ಆಳಿತು. ಆದರೆ ಅಲ್ಲಿಗೆ ಮುಟ್ಟಲು ಮೂವತ್ತು ವರ್ಷದ ಹತ್ತಿರ ಹಿಡಿಯಿತು. ಸಹಭಾಗಿತ್ವದ ಯೋಜನೆಗಳೋ, ಮೂರೇ ವರ್ಷಕ್ಕೆ ಮುಗಿದುಹೋಗುತ್ತವೆ. ಪಿಎಚ್‌ಡಿ ಮುಗಿಸಿದ ಹುಡುಗಿ ಬೇರೆಲ್ಲೋ ಕೆಲಸಕ್ಕೆ ಹೋಗುತ್ತಾಳೆ. ಅವಳು ಇಟ್ಟ ಸೆನ್ಸರುಗಳ ಬ್ಯಾಟರಿ ಬದಲಿಸಲು ಯಾರೂ ಇರುವುದಿಲ್ಲ. ಇದು ಅವಳ ತಪ್ಪಲ್ಲ. ಬಡ್ತಿಗೆ ಪ್ರಬಂಧಗಳನ್ನು ಎಣಿಸುತ್ತಾರೆ. ಹತ್ತು ವರ್ಷ ಒಂದೇ ಮೀಟರ್ ಓದಿದ್ದನ್ನು ಯಾರು ಎಣಿಸುತ್ತಾರೆ?

ದುಡ್ಡಿಗಿಂತ ಮೊದಲು ನಾನು ನೋಡುವುದು ಒಪ್ಪಂದದಲ್ಲಿರುವ ಒಂದು ಸಾಲನ್ನು. ಫಲಿತಾಂಶ ಕೆಟ್ಟದಾಗಿ ಬಂದರೂ ಪ್ರಕಟಿಸುವ ಹಕ್ಕು ಸಂಶೋಧಕರಿಗೆ ಇದೆಯಾ? ಪೇಟೆಂಟಿಗಾಗಿ ಕೆಲವು ತಿಂಗಳು ತಡೆಹಿಡಿದರೆ ಸರಿ, ಒಪ್ಪೋಣ. ಕಂಪನಿ ಒಪ್ಪದೆ ಏನೂ ಹೊರಬರಬಾರದು ಅಂತಿದ್ದರೆ ಅದು ಕನ್ಸಲ್ಟೆನ್ಸಿ. ಅದರಲ್ಲೂ ತಪ್ಪಿಲ್ಲ. ಹಾಗಂತಲೇ ಹೇಳಿ ಶುಲ್ಕ ತಗೊಳ್ಳಲಿ.