ಕೋಟಿ ರೂಪಾಯಿಯ ಓಟಿ, ಬಾಗಿಲಿಗೊಂದು ಸ್ಟೂಲು

ಕೋಲಾರದ ಕಡೆ ಈಗ ಆಸ್ಪತ್ರೆ ಅಂದ ಮೇಲೆ ಮಾಡ್ಯುಲರ್ ಓಟಿ (ಸಿದ್ಧ ಪ್ಯಾನೆಲ್ ಜೋಡಿಸಿ ಕಟ್ಟಿದ ಆಪರೇಷನ್ ಥಿಯೇಟರ್) ಇರಲೇಬೇಕು, ಮದುವೆ ಅಂದ ಮೇಲೆ ವಾಲಗ ಇದ್ದ ಹಾಗೆ. ಗೋಡೆಗೆಲ್ಲ ಸ್ಟೀಲ್ ಪ್ಯಾನೆಲ್, ಧೂಳು ಕೂರದಂತೆ ದುಂಡಗೆ ತಿರುಗಿಸಿದ ಮೂಲೆಗಳು, ಟೇಬಲ್ಲಿನ ನೆತ್ತಿಯ ಮೇಲೆ ಹೆಪಾ ಫಿಲ್ಟರು. 0.3 ಮೈಕ್ರಾನ್ ಕಣಗಳಲ್ಲಿ ನೂರಕ್ಕೆ 99.97 ಭಾಗ ಹಿಡಿಯುವ ಈ ಫಿಲ್ಟರಿಗೆ ಉದ್ಘಾಟನೆಯ ದಿನ ಸಲ್ಲುವ ಮೊದಲ ನೈವೇದ್ಯ ಕರ್ಪೂರದ ಹೊಗೆ. ಟೇಬಲ್ಲಿನ ಮುಂದೆಯೇ ಕಾಯಿ ಒಡೆದು, ಚಪ್ಪಲಿ ಕಾಲಲ್ಲಿ ಒಳಗೆ ಬಂದವರೆಲ್ಲ ಫೋಟೋಗೆ ನಿಂತರೆ ಓಟಿ ಶುದ್ಧವಾದಂತೆ.

ಇಷ್ಟೆಲ್ಲ ಖರ್ಚು ಯಾತಕ್ಕೆ? ಗಾಳಿಗೆ. ಗಂಟೆಗೆ ಕನಿಷ್ಠ 20 ಸಲ ಕೋಣೆಯ ಗಾಳಿ ಬದಲಾಗಬೇಕು, ಅದರಲ್ಲಿ 4 ಪಾಲಾದರೂ ಹೊರಗಿನ ಹೊಸ ಗಾಳಿ. ಒಳಗಿನ ಒತ್ತಡ ಕಾರಿಡಾರಿಗಿಂತ ಕನಿಷ್ಠ 2.5 ಪಾಸ್ಕಲ್ ಜಾಸ್ತಿ ಇರಬೇಕು, ಆಗ ಗಾಳಿ ಒಳಗಿಂದ ಹೊರಗೆ ನುಗ್ಗುತ್ತದೆ, ಹೊರಗಿನ ಕೊಳೆ ಒಳಗೆ ಬರುವುದಿಲ್ಲ. 2.5 ಪಾಸ್ಕಲ್ ಅಂದರೆ ಎಷ್ಟು ಗೊತ್ತೇ? ಲೋಟದಲ್ಲಿ ಕಾಲು ಮಿಲಿಮೀಟರ್ ನೀರು ನಿಂತಷ್ಟು. ಬಾಗಿಲು ನಾಲ್ಕು ಬೆರಳು ತೆರೆದಿದ್ದರೂ ಮುಗೀತು.

ತೆರೆದೇ ಇರುತ್ತದೆ. ಸ್ಟೀಲ್ ಪೆಟ್ಟಿಗೆಯೊಳಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲವಲ್ಲ! ಅರಿವಳಿಕೆ ಡಾಕ್ಟರು ಬೆಂಗಳೂರಿನಿಂದ ಬರುವವರು, ಮಧ್ಯಾಹ್ನಕ್ಕೆ ಮುಳಬಾಗಿಲಲ್ಲಿ ಇನ್ನೊಂದು ಕೇಸು, ಫೋನು ಹತ್ತಲೇಬೇಕು. ಆದ್ದರಿಂದ ತಾನಾಗಿ ಮುಚ್ಚಿಕೊಳ್ಳುವ ಸೆನ್ಸರ್ ಬಾಗಿಲಿಗೆ ಅಡ್ಡಲಾಗಿ ಒಂದು ಕಬ್ಬಿಣದ ಸ್ಟೂಲು.

“ಸರ್, ಪ್ರೆಷರ್ ಅಲಾರಂ ಬಡ್ಕೊಳ್ತಾ ಇದೆ.”

“ಮ್ಯೂಟ್ ಮಾಡಿ ಸಿಸ್ಟರ್, ತಲೆನೋವು.”

ನಂಬಿಕೆ ಬಾರದವರು ಟಿಶ್ಯೂ ಪೇಪರಿನ ಒಂದು ಎಳೆ ಹರಿದು ಬಾಗಿಲ ಸಂದಿಗೆ ಹಿಡಿದು ನೋಡಲಿ. ಕಾರಿಡಾರಿನ ಕಡೆಗೆ ಬಾಗಬೇಕಾದದ್ದು ಸುಮ್ಮನೆ ಜೋಲು ಬೀಳುತ್ತದೆ, ಒಮ್ಮೊಮ್ಮೆ ಒಳಗೇ ಬಾಗುತ್ತದೆ. ಪುಕ್ಕಟೆ ಪರೀಕ್ಷೆಯಾದ್ದರಿಂದ ಯಾವ ಟೆಂಡರಿನಲ್ಲೂ ಇದು ಇರುವುದಿಲ್ಲ.

ರಾತ್ರಿಯಾದರೆ ಕರೆಂಟ್ ಬಿಲ್ಲಿನ ಭಯ. ಎಸಿ ತಂಪು ಕಡಿಮೆ ಮಾಡಿದರೆ ತೊಂದರೆಯಿಲ್ಲ, ಆದರೆ ಗಾಳಿ ತಳ್ಳುವ ಬ್ಲೋವರ್ ದಿನದ 24 ಗಂಟೆಯೂ ತಿರುಗುತ್ತಿರಬೇಕು. ಇವರು ಬುಡಕ್ಕೇ ಸ್ವಿಚ್ ಆರಿಸುತ್ತಾರೆ. ಎಸಿಯೊಳಗಿನ ಒದ್ದೆ ಕಾಯಿಲು (ಗಾಳಿ ತಣಿಸುವ ಕೊಳವೆ ಸುರುಳಿ) ಕತ್ತಲಲ್ಲಿ ಬೂಷ್ಟು ಬೆಳೆಸಿಕೊಂಡು ಬೆಳಗಿನ ಮೊದಲ ಕೇಸಿಗೆ ಕಾದಿರುತ್ತದೆ.

ಇನ್ನು ಆಟೋಕ್ಲೇವ್, ಉಗಿಯ ಒತ್ತಡದಲ್ಲಿ ಉಪಕರಣ, ಬಟ್ಟೆಗಳ ಕ್ರಿಮಿ ಕೊಲ್ಲುವ ಯಂತ್ರ. ಅದಕ್ಕೆ ಬೋರ್‌ವೆಲ್ ನೀರೇ ಗತಿ. ನಮ್ಮ ಕಡೆಯ ಗಡಸು ನೀರು ಹೀಟರಿನ ಮೇಲೆ ಬಿಳಿ ಚಕ್ಕೆ ಕಟ್ಟುತ್ತದೆ. ಸಾಲದ್ದಕ್ಕೆ, ಒಳಗಿನ ಗಾಳಿ ಪೂರ್ತಿ ಹೊರಹೋಗದಿದ್ದರೆ ಒತ್ತಡದ ಮುಳ್ಳು 15 ಪೌಂಡ್ ತೋರಿಸಿದರೂ ಬಿಸಿ 121 ಡಿಗ್ರಿ ಮುಟ್ಟುವುದಿಲ್ಲ. ಬಟ್ಟೆಯ ಗಂಟು ಒದ್ದೆಯಾಗಿ ಹೊರಬರುತ್ತದೆ, ಗಂಟಿಗೆ ಅಂಟಿಸಿದ, ಬಿಸಿಗೆ ಬಣ್ಣ ಬದಲಿಸುವ ಟೇಪಿನ ಗೆರೆ ಮಾತ್ರ ಕಪ್ಪಾಗಿರುತ್ತದೆ. ಟೇಪು ಹೇಳುವುದು ಬಿಸಿ ತಾಗಿತು ಅಂತ ಅಷ್ಟೇ, ಕ್ರಿಮಿ ಸತ್ತಿತು ಅಂತಲ್ಲ. ಗಡಸು ತೆಗೆಯುವ ಆರ್‌ಓ ಯಂತ್ರವೊಂದು ಬಂದಿತ್ತು, ನಿಜ. ಅದು ಅಧ್ಯಕ್ಷರ ಚೇಂಬರಿನಲ್ಲಿದೆ.

ಆಪರೇಷನ್ ಸುರಕ್ಷಿತವಾಗಿ ನಡೆಯಲೆಂದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಕೊಟ್ಟ 19 ಅಂಶಗಳ ತಪಾಸಣಾ ಪಟ್ಟಿಗೆ ಬೇಕಾದದ್ದು ಒಂದು ಜೆರಾಕ್ಸ್ ಹಾಳೆ. ರೋಗಿ ಇನ್ನೂ ವಾರ್ಡಿನಲ್ಲಿರುವಾಗಲೇ ಅದಕ್ಕೆ ಹತ್ತೊಂಬತ್ತೂ ಟಿಕ್ ಬಿದ್ದಿರುತ್ತವೆ, ಕೊನೆಗೆ ಹತ್ತಿ ಉಂಡೆಗಳ ಲೆಕ್ಕ ಸರಿಯಾಯಿತು ಅನ್ನುವುದೂ ಸೇರಿ.

ಬಾಗಿಲ ಸಮಸ್ಯೆಗೆ ಮಾತ್ರ ಪರಿಹಾರ ಹೊಳೆದಿದೆ. ಓಟಿಯೊಳಗೆ ಸಿಗ್ನಲ್ ಬೂಸ್ಟರ್, ಸದ್ಯದಲ್ಲೇ ಟೆಂಡರ್. ಉದ್ಘಾಟನೆಗೆ ಕರ್ಪೂರ ತರಿಸಿ ಇಟ್ಟಾಗಿದೆ, ಸ್ಟೂಲಿನ ಮೇಲೆ.