ಮತ್ತಿತರರು ಉಪಸ್ಥಿತರಿದ್ದರು

ಇವತ್ತಿನ ಪೇಪರ್ ತೆಗೆಯಿರಿ. ಮೂರನೇ ಪುಟ, ಸನ್ಮಾನದ ಫೋಟೊ. ಎಣಿಸಿದರೆ ಒಂಬತ್ತು ತಲೆ. ಕೆಳಗೆ ಆರೇ ಹೆಸರು, ಆಮೇಲೆ ‘ಮತ್ತಿತರರು’. ಪೇಟ, ಶಾಲು, ಗಂಧದ ಹಾರ ಎಲ್ಲಾ ಸ್ಪಷ್ಟ. ಹಣ್ಣಿನ ಬುಟ್ಟಿ ಹಿಡಿದು ಅರ್ಧ ಗಂಟೆ ಕೈ ನೋಯಿಸಿಕೊಂಡವರು ಮಾತ್ರ ಮತ್ತಿತರರು.

ದಾವಣಗೆರೆಯ ಮನೆಗೆ ಬೇರೆ ಯಾವ ಪೇಪರ್ ಬರಲಿ ಬಿಡಲಿ, ಊರಿನ ಪೇಪರ್ ಬರಲೇಬೇಕು. ದೆಹಲಿ ಸುದ್ದಿ ಮೊಬೈಲಿನಲ್ಲೇ ಸಿಗುತ್ತದೆ. ವಿದ್ಯಾನಗರದಲ್ಲಿ ಯಾರಿಗೆ ಸನ್ಮಾನ, ಮಂಡಿಪೇಟೆಯಲ್ಲಿ ಯಾರು ತೀರಿಕೊಂಡರು ಅನ್ನುವುದಕ್ಕೆ ಇದೇ ಗತಿ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂತು, ಆಮೇಲೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ. ಅಲ್ಲಿನ ಸುದ್ದಿ ಮಾತ್ರ ಇಲ್ಲಿಗೆ ಬರುವುದು ಬಿಟ್ಟಿಲ್ಲ.

ಹೆಸರು ಕೆಡುವುದು ಮೊದಲು ಇನಿಷಿಯಲ್‌ನಲ್ಲಿ. ನಮ್ಮ ಕಡೆ ಅದರೊಳಗೆ ಎಷ್ಟೋ ಸಲ ಊರೇ ಕೂತಿರುತ್ತದೆ. ಎಸ್. ನಿಜಲಿಂಗಪ್ಪನವರ ‘ಎಸ್’ ಸಿದ್ದವನಹಳ್ಳಿ, ತ.ರಾ.ಸು. ಅವರ ‘ತ’ ತಳುಕು. ದೊಡ್ಡವರಿಗೆ ಇನಿಷಿಯಲ್ ಬಿಟ್ಟರೂ ನಡೆಯುತ್ತದೆ. ಬೀದಿಗೆ ನಾಲ್ವರು ಬಸವರಾಜಪ್ಪ ಇರುವ ಕಡೆ ‘ಕೆ’ ಹೋಗಿ ‘ಜಿ’ ಬಿತ್ತೋ, ಸನ್ಮಾನ ಒಬ್ಬರಿಗೆ, ಅಭಿನಂದನೆಯ ಫೋನು ಇನ್ನೊಬ್ಬರಿಗೆ. ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಹೊಡೆದದ್ದನ್ನು ಯೂನಿಕೋಡ್‌ಗೆ ತಿರುಗಿಸದೆ ವಾಟ್ಸಾಪಿಗೆ ಅಂಟಿಸಿದರೆ ಇನಿಷಿಯಲ್ ಏನು, ಇಡೀ ಕಾರ್ಯಕ್ರಮವೇ ಕೊಂಬು ಮೀಸೆ ಬಂದ ಇಂಗ್ಲಿಷ್ ಅಕ್ಷರಗಳ ಸಂತೆ. ಫೋಟೊವನ್ನೂ ಡಾಕ್ಯುಮೆಂಟ್ ಮಾಡಿ ಕಳಿಸಬೇಕು, ಇಲ್ಲದಿದ್ದರೆ ಕುಗ್ಗಿ ಮುಖವೆಲ್ಲ ಮಸಿ. ಹೆಸರು ಬರೆಯುವುದು ನೋಡುವವರ ಎಡದಿಂದ. ನಿಂತವರ ಎಡ ಅಂದುಕೊಂಡರೆ ಸ್ವಾಮೀಜಿ ಹೆಸರು ಶಾಮಿಯಾನದವರ ಮುಖಕ್ಕೆ.

ಇಷ್ಟೂ ಸರಿಯಾದರೂ ವಂದನಾರ್ಪಣೆಯವರನ್ನು ಉಳಿಸುವುದು ಕಷ್ಟ. ಪ್ರೆಸ್‌ನೋಟ್ ಉದ್ಘಾಟನೆಯಿಂದ ಶುರುವಾಗಿ ‘ಇವರು ಪ್ರಾರ್ಥಿಸಿದರು, ಇವರು ಸ್ವಾಗತಿಸಿದರು, ಇವರು ನಿರೂಪಿಸಿದರು, ಇವರು ವಂದಿಸಿದರು’ ಎಂದು ಮುಗಿಯುತ್ತದೆ. ಪುಟ ಕಟ್ಟುವ ಹೊತ್ತಿಗೆ ಒಂದು ಜಾಹೀರಾತು ಬಂತೆಂದರೆ ಕತ್ತರಿ ಕೆಳಗಿನಿಂದ ಏರುತ್ತದೆ. ಮೊದಲ ಬಲಿ, ವಂದಿಸಿದವರು. ಸಭೆಯಲ್ಲೂ ಅವರ ಹಣೆಬರಹ ಅದೇ. ಮೈಕಿನ ಮುಂದೆ ಬರುವಷ್ಟರಲ್ಲಿ ಸಭಿಕರು ಚಪ್ಪಲಿ ಹುಡುಕುತ್ತಿರುತ್ತಾರೆ, ಮುಂದಿನ ಸಾಲಿನಿಂದ ‘ಚುಟುಕಾಗಿ ಮುಗಿಸ್ರಿ’ ಎಂಬ ಸನ್ನೆ. ಆದರೂ ಬಿಡುವುದಿಲ್ಲ. ಜೇಬಿನಿಂದ ಚೀಟಿ ತೆಗೆದು ಶಾಮಿಯಾನದವರು, ಮೈಕ್‌ಸೆಟ್‌ನವರು, ಅಡುಗೆಯವರು, ಕುರ್ಚಿ ಹಾಕಿದ ಹುಡುಗರು, ಕಟ್ಟಕಡೆಗೆ ‘ಪತ್ರಿಕಾ ಮಿತ್ರರು’. ಒಬ್ಬರ ಹೆಸರನ್ನೂ ಬಿಡದ ಪುಣ್ಯಾತ್ಮರು. ಪತ್ರಿಕಾ ಮಿತ್ರರು ಬಿಡುವುದು ಅವರನ್ನೇ.

ಉಪಾಯ ಒಂದಿದೆ. ವಂದಿಸಿದವರ ಬಾಯಲ್ಲಿ ಸಭೆಯಲ್ಲೇ ಒಂದು ಒಳ್ಳೆಯ ಮಾತು ಆಡಿಸಿ, ಅದನ್ನು ಎರಡನೇ ಪ್ಯಾರಾದಲ್ಲಿ ಸಿಕ್ಕಿಸಿ. ಕತ್ತರಿ ಅಲ್ಲಿಯ ತನಕ ಬರುವುದು ಅಪರೂಪ.

ಇನಿಷಿಯಲ್, ಊರು, ಬ್ರಾಕೆಟ್ಟಿನಲ್ಲಿ ವಯಸ್ಸು, ಎಲ್ಲವೂ ಸರಿಯಾಗಿ ಬರುವುದು ನಿಧನದ ಕಾಲಂನಲ್ಲಿ. ಆಗ ಓದಬೇಕಾದವರೇ ಇರುವುದಿಲ್ಲ. ಬೀರುವಿನ ಸೀರೆಗಳ ಅಡಿಯಲ್ಲಿ ಮಡಚಿಟ್ಟ ಹಳದಿ ಪುಟವೊಂದು ಸಿಕ್ಕರೆ ಬಿಡಿಸಿ ನೋಡಿ: ಮಡಿಕೆಯ ಗೀಟು ಸರಿಯಾಗಿ ಮೂಗಿನ ಮೇಲೆ ಹಾದಿರುತ್ತದೆ.

ಉಳಿದ ಪ್ರತಿಗಳು ರದ್ದಿಗೆ ಹೋಗಿ ಮಂಡಕ್ಕಿ ಅಂಗಡಿ ಸೇರುತ್ತವೆ. ಬಿಸಿ ಮೆಣಸಿನಕಾಯಿ ಬಜ್ಜಿ ಇಡುವುದು ಕಾಗದದ ನಡುಮಧ್ಯೆ. ಎಣ್ಣೆ ಕುಡಿಯುವುದು ಅಲ್ಲಿರುವ ಗಣ್ಯರೇ. ಬುಟ್ಟಿ ಹಿಡಿದವರು ಅಂಚಿನಲ್ಲಿ, ಒಂದು ಕಲೆಯೂ ಇಲ್ಲದೆ, ಇನ್ನೂ ನಗುತ್ತಿರುತ್ತಾರೆ.